ಸುಳಿತೊಟ್ಟಿಯ ಕಾವಲು

ಬೈರಮಂಗಲದ ಚೆಲುವಯ್ಯ ಹೊಲವನ್ನು ಕಾರ್ಖಾನೆಗೆ ಕೊಟ್ಟು ಕಟ್ಟಿಸಿದ ಮನೆಯಲ್ಲಿ, ಮೋಟಾರಿನಿಂದ ನೀರು ಸುಳಿ ಸುತ್ತುವ ಸ್ನಾನದ ತೊಟ್ಟಿಯಿದೆ. ಅವನ ಜೊತೆ ಕೆರೆಯಲ್ಲಿ ಈಜಿ ಬೆಳೆದ ನಾನು ಅದನ್ನು ಕಂಡು ಬೆಚ್ಚಿದೆ. ಅದಕ್ಕಿಂತ ಅವನ ಕಾವಲು ಕಂಡು ದಂಗಾದೆ. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾನೆ, ಎಣ್ಣೆ ಹಚ್ಚಿಕೊಂಡವರನ್ನು ಬಾಗಿಲಲ್ಲೇ ತಡೆಯುತ್ತಾನೆ, ಚಿಲಕ ಹಾಕಗೊಡುವುದಿಲ್ಲ, ನೆಂಟರ ಹೆಂಗಸರಿಗೆ "ಜಡೆ ಎತ್ತಿ ಕಟ್ಕಳ್ರವ್ವಾ, ಒಸಿ ಹೊತ್ಗೇ ಎದ್ಬುಡಿ" ಎಂದು ಗದರುತ್ತಾನೆ. "ಏನ್ಲಾ, ಒಳಗೆ ಮೊಸಳೆ ಸಾಕಿದ್ದೀಯಾ?" ಎಂದೆ. ಅವನು ನಗಲಿಲ್ಲ. "ಯುಗಾದಿ ದಿನ ನಮ್ಮನೇವ್ಳು ಹರಳೆಣ್ಣೆ ಹಚ್ಕಂಡು, ಕೂದ್ಲ ಬಿಟ್ಕಂಡು ಇಳಿದ್ಲು ಕಣ್ಲಾ. ನೀರೆಳೆಯೋ ತೂತು ಕೂದ್ಲ ಎಳ್ಕಂಡ್ಬುಡ್ತು, ಮುಖ ಮುಳುಗೋಯ್ತು. ಸ್ವಿಚ್ ಆರ್ಸಿ, ಕುಡ್ಲಲ್ಲಿ ಕೂದ್ಲ ಕುಯ್ದು ಎತ್ದೆ." ಆದರೂ ಅವನ ಹೆಂಡತಿ ಕಾವೇರಮ್ಮನಿಗೆ ಮಂಡಿನೋವು ಇಳಿಯುವುದು ಆ ನೀರಿನಲ್ಲೇ. ಅವಳು ಒಳಗೆ ಹೋದರೆ ಇವನು ಹೊರಗೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂರುತ್ತಾನೆ. ನಲವತ್ತು ವರ್ಷ ಹೆಂಡತಿಯನ್ನು "ಏಯ್, ಇವಳೇ" ಎಂದೇ ಕರೆದ ಗಂಡಸು, ನಿಮಿಷಕ್ಕೊಮ್ಮೆ "ಕಾವೇರೀ!" ಎಂದು ಹೆಸರು ಹಿಡಿದು ಕೂಗುತ್ತಾನೆ. ಮೊದಲ ಕೂಗು ಅವಳಿಗೆ ಕೇಳಿಸದೆ ಇರುವುದಿಲ್ಲ. "ಇವ್ನಿ ಕಣ್ರೀ" ಎಂದು ಓಗೊಡುವುದು ಮಾತ್ರ ಎರಡನೆಯದಕ್ಕೆ.