ಅಪರಿಚಿತ ಗಾಯಕರ ನಡುವೆ ಒಬ್ಬ ತಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಗೀತ ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯ ಬೀಗ ತೆಗೆದು ಟೇಪಕ್ಕ ಒಳಗೆ ಬರುತ್ತಾಳೆ. ಚೀಲ ಮೊಳೆಗೆ, ಕನ್ನಡಕ ಮೂಗಿಗೆ. ಹಳೆಯ ಕಂಪ್ಯೂಟರು ಗೊರಗುಟ್ಟುತ್ತಾ ಎಚ್ಚರವಾಗುವಷ್ಟರಲ್ಲಿ ಮೇಜಿನ ಧೂಳು ಒರೆಸಿ ಮುಗಿಸುತ್ತಾಳೆ. ಮಕ್ಕಳು ಬರುವುದರೊಳಗೆ ಕೆಲಸ ಆಗಬೇಕು. ಪಾಠ ಶುರುವಾದರೆ ಗೋಡೆಯಾಚೆಯ ಪಿಟೀಲು ಈಚೆಗೂ ಕೊಯ್ಯುತ್ತದೆ. ಹೆಡ್‌ಫೋನನ್ನು ಎಡಗಿವಿಗೆ ಒತ್ತಿ ಹಿಡಿಯುತ್ತಾಳೆ. ಬಲಗಿವಿ ಹೋದ ವರ್ಷವೇ ಕೈಕೊಟ್ಟಿದೆ.

ಹುಡುಗಿಯೊಬ್ಬಳು ಹಾಡುತ್ತಾಳೆ. ಅವಳದು ಮುಗಿದ ಮೇಲೆ ಇನ್ನೊಬ್ಬಳು, ಅದೇ ಹಾಡು. ಆಮೇಲೆ ಮತ್ತೆ ಮೊದಲಿನವಳು, ಮತ್ತದೇ ಹಾಡು. ಪರದೆಯ ಮೇಲೆ ಇಬ್ಬರಿಗೂ ಒಂದೇ ಹೆಸರು: ಅಪರಿಚಿತ ಗಾಯಕರು.

"ಇವರಲ್ಲಿ ಒಬ್ಬಳು ನನ್ನ ತಂಗಿ," ಎನ್ನುತ್ತಾಳೆ ಟೇಪಕ್ಕ. "ಯಾವಳು ಅಂತ ಗೊತ್ತಾಗ್ತಿಲ್ಲ."

ಹೇಳಿ ನಗುತ್ತಾಳೆ. ಆ ನಗುವಿಗಿಂತ ಅತ್ತಿದ್ದರೇ ವಾಸಿಯಿತ್ತು ಅನಿಸುತ್ತದೆ.

ಶಾಲೆಯ ಹಾಡುಗಾರಿಕೆಯನ್ನು ಟೇಪಿಗೆ ಇಳಿಸುವ ಕೆಲಸಕ್ಕೆ ಅವಳು ಸೇರಿದಾಗ ಮದುವೆಯ ವಯಸ್ಸು. ಈಗ ನಿವೃತ್ತಿಯ ವಯಸ್ಸು. ನಡುವೆ ಮದುವೆಯೂ ಆಗಲಿಲ್ಲ, ಬಡ್ತಿಯೂ ಆಗಲಿಲ್ಲ. ಟೇಪಕ್ಕ ಎಂಬ ಹೆಸರೊಂದು ಸಿಕ್ಕಿತು, ಅಷ್ಟೆ. ನೌಕರರ ಮನೆಯವರಿಗೆ ಶುಲ್ಕವಿಲ್ಲವೆಂದು ತಂಗಿಯನ್ನೂ ಇಲ್ಲೇ ಸೇರಿಸಿದ್ದಳು. ಆ ಹುಡುಗಿ ಒಂದೇ ಒಂದು ವರ್ಷದ ಪರೀಕ್ಷೆಯ ಹಾಡು ಹಾಡಿ, ಫಲಿತಾಂಶ ಬರುವ ಮೊದಲೇ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅವಳ ಫೋಟೋ ಇದೆ. ದನಿ ಇರುವುದು ಈ ಕೋಣೆಯಲ್ಲಿ ಮಾತ್ರ.

ಪರೀಕ್ಷೆಯದೊಂದು ಕಟ್ಟುನಿಟ್ಟು ಇತ್ತು. ಟೇಪು ಕೇಳಿ ಅಂಕ ಕೊಡುವವರಿಗೆ ಹಾಡಿದವರು ಯಾರೆಂದು ತಿಳಿಯಬಾರದು. ಹಾಗಾಗಿ ಹಾಡುವ ಮೊದಲು ಯಾರೂ ತಮ್ಮ ಹೆಸರು ಹೇಳುವಂತಿಲ್ಲ. ಹೆಸರು ಡಬ್ಬಿಯ ಮೇಲೆ ಮಾತ್ರ. ಟೇಪು ಮಾತ್ರ ಪರೀಕ್ಷಕರ ಕೈಗೆ, ಡಬ್ಬಿ ಟೇಪಕ್ಕನ ಹತ್ತಿರ. ಬಾಯಿ ತಪ್ಪಿ ಹೆಸರು ಹೇಳಹೊರಟ ಮಕ್ಕಳನ್ನು ಅವಳೇ ತುಟಿಗೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದಳು.

"ನನ್ನ ತಂಗೀನೂ ಹೇಳೋಕೆ ಬಾಯಿ ತೆಗೆದಿದ್ಳು," ಎನ್ನುತ್ತಾಳೆ. "ನಾನೇ ಶ್ ಅಂದೆ."

ಟೇಪುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕಾಯಿತು. ಯಾವುದೋ ಕಚೇರಿ ಬೇಡವೆಂದು ಬಿಸಾಡಿದ ಯಂತ್ರವೊಂದು ಶಾಲೆಗೆ ಬಂತು. ರಿಪೇರಿಯವನು ಬಂದು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ. "ಈ ಮುದಿ ಡಬ್ಬಕ್ಕೆ ಇದೊಂದೇ ಗತಿ ಅಕ್ಕ. ಹಾಡು ಜೋಡಿಸಿಡೋ ಪ್ರೋಗ್ರಾಂ ಬೇಕಾದಷ್ಟಿವೆ, ಎಲ್ಲಾ ಬಿಟ್ಟಿ. ನಿಮಗೆ ಹಿಡಿಸಿದ್ದು ಹಾಕ್ಕೊಳ್ಳಿ," ಎಂದು ಹೇಳಿ ಕೈ ತೊಳೆದುಕೊಂಡ.

ಅವಳು ಎಲ್ಲ ಹಾಡುಗಳನ್ನೂ ಇಳಿಸಿದಳು. ಒಂದೊಂದು ಟೇಪಿಗೆ ಒಂದೊಂದು ಫೋಲ್ಡರು, ಫೋಲ್ಡರಿನ ಮೇಲೆ ಹಾಡಿದವರ ಹೆಸರು. ಟೇಪಿನವರ ಅಭ್ಯಾಸ ಅದು: ಹೆಸರು ಡಬ್ಬಿಯ ಮೇಲೆ, ಒಳಗೆ ಏನೂ ಇಲ್ಲ. ತಂಗಿಯ ಟೇಪು ಬಂದ ದಿನ ದನಿ ಪೂರ್ತಿ ತಗ್ಗಿಸಿ, ಟೇಪು ಯಂತ್ರದ ದನಿಮಾಪಕದ ಮುಳ್ಳು ಆಡುವುದನ್ನಷ್ಟೇ ನೋಡುತ್ತಾ ಕೂತಿದ್ದಳು. ತಂಗಿ ಸತ್ತ ಮೇಲೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ. "ಧೈರ್ಯ ಬರಲಿಲ್ಲ. ಡಬ್ಬಿ ಮೇಲೆ ಹೆಸರಿದೆಯಲ್ಲ, ಯಾವಾಗ ಬೇಕಾದ್ರೂ ಕೇಳ್ಬಹುದು ಅಂದ್ಕೊಂಡೆ." ಇಳಿಸುವುದು ಮುಗಿಯಿತೆಂದು ತಿಳಿದ ಕೂಡಲೇ ಆಡಳಿತದವರು ಟೇಪಿಟ್ಟಿದ್ದ ಬೀರು ಬೇಕೆಂದರು. ಟೇಪುಗಳು ಡಬ್ಬಿಗಳ ಸಮೇತ ಕಸದ ಗಾಡಿ ಹತ್ತಿದವು.

ಆಮೇಲೆ ಪ್ರೋಗ್ರಾಂ ಆರಿಸುವ ಕೆಲಸ. ಮೊದಲನೆಯದಕ್ಕೆ ಅಷ್ಟೂ ಹಾಡು ತುಂಬಿದ ಕೂಡಲೇ ಉಸಿರು ಕಟ್ಟಿತು. ಎರಡನೆಯದು ಪ್ರತಿ ಹಾಡಿಗೂ ಬಣ್ಣದ ಮುಖಪುಟ ಬೇಕೆಂದು ಹಟ ಹಿಡಿಯಿತು. ಪರೀಕ್ಷೆಯ ಹಾಡಿಗೆ ಎಲ್ಲಿಯ ಮುಖಪುಟ? ಮೂರನೆಯದು ನೋಡಲು ಲಕ್ಷಣವಾಗಿತ್ತು. ಮರ್ಯಾದೆಯಿಂದ ಒಂದೇ ಒಂದು ಪ್ರಶ್ನೆ ಕೇಳಿತು: ನಿಮ್ಮ ಸಂಗ್ರಹವನ್ನು ಒಪ್ಪ ಮಾಡಲೇ?

"ಇಷ್ಟು ವರ್ಷದಲ್ಲಿ ಈ ಕೋಣೇಲಿ ನನ್ನ ಯಾರೂ ಹಾಗೆ ಕೇಳಿರಲಿಲ್ಲ. ಹೂಂ ಅಂದೆ."

ಆ ಪ್ರೋಗ್ರಾಂ ಫೋಲ್ಡರಿನ ಮೇಲಿನ ಹೆಸರು ನೋಡುವಂಥದ್ದಲ್ಲ. ಪ್ರತಿ ಹಾಡಿನ ಫೈಲಿನೊಳಗೆ ಹಾಡಿದವರ ಹೆಸರು ಬರೆಯಲು ಒಂದು ಜಾಗ ಇರುತ್ತದೆ, ಅದು ನೋಡುವುದು ಅಲ್ಲಿ. ಅಲ್ಲಿ ಏನೂ ಇರಲಿಲ್ಲ. ಹೆಸರಿಲ್ಲದವರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿ, ಹಾಡುಗಳಿಗೆ ಬರೀ ಅಂಕಿ ಕೊಟ್ಟು, ಖಾಲಿಯಾದ ಫೋಲ್ಡರುಗಳನ್ನು ಅಳಿಸಿ, ಅಪರಿಚಿತ ಗಾಯಕರು ಎಂದು ಹಣೆಪಟ್ಟಿ ಹಚ್ಚಿತು. ಜೋಪಾನಕ್ಕೆಂದು ಪಕ್ಕದಲ್ಲಿಟ್ಟಿದ್ದ ಇನ್ನೊಂದು ಡಿಸ್ಕು ಅದೇ ಸಂಜೆ ಈ ಒಪ್ಪವನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡಿತು. ಮರುದಿನ ಪರದೆ ನೋಡಿದವಳು ತಲೆಯ ಮೇಲೆ ಕೈ ಹೊತ್ತು ಕೂತಳು. ರಿಪೇರಿಯವನು ಬಂದು, ಕೀಲಿಮಣೆ ಕುಟ್ಟಿ, ಕೊನೆಗೆ ಅವಳ ಮುಖ ನೋಡದೆ ಹೇಳಿದ: "ಹಾಡೆಲ್ಲ ಇದೆ ಅಕ್ಕ. ಹೆಸರು ಮಾತ್ರ ಹೋಯ್ತು."

ಈಗವಳು ಹೊಸ ಪ್ರೋಗ್ರಾಂ ಯಾವುದು ಸಿಕ್ಕರೂ ಎರಡು ಬೇಡದ ಹಾಡುಗಳನ್ನು ಮೊದಲು ಕೊಟ್ಟು ಪರೀಕ್ಷಿಸುತ್ತಾಳೆ: ಕೇಳದೆ ಏನನ್ನಾದರೂ ಮುಟ್ಟುತ್ತದೆಯೇ, ತಾನು ಬರೆದ ಹೆಸರನ್ನು ಹಾಡಿನ ಒಳಗೇ ಇಡುತ್ತದೆಯೇ. ಹಾಗೆ ಗೆದ್ದದ್ದು ಬೂದು ಬಣ್ಣದ, ಬರೀ ಸಾಲುಗಳಿರುವ, ಯಾರೂ ತಿರುಗಿ ನೋಡದ ಪ್ರೋಗ್ರಾಂ. "ರೂಪ ನೋಡಿ ಕೆಟ್ಟೆ. ಈಗ ಬರೀ ಗುಣ ನೋಡ್ತೀನಿ," ಎಂದು ಟೇಪಕ್ಕ ಹೇಳುವಾಗ ಹೆಣ್ಣಿಗೆ ಗಂಡು ಹುಡುಕುವವರ ಧಾಟಿ.

ಬೆಳಗ್ಗೆ ಒಂದೊಂದೇ ಹಾಡು ಕೇಳುತ್ತಾಳೆ. ಗುರುತು ಸಿಕ್ಕರೆ ಹೆಸರನ್ನು ಒಳಗೆ ಬರೆಯುತ್ತಾಳೆ. ಸಿಗದಿದ್ದರೆ ಹಳೆಯ ವಿದ್ಯಾರ್ಥಿಗಳಿಗೆ ಫೋನು. ಬಹಳ ಜನ, ಆಮೇಲೆ ಮಾಡುತ್ತೇನೆ ಎಂದು ಜಾರಿಕೊಳ್ಳುತ್ತಾರೆ. ಒಬ್ಬ ಬಸ್ ಡ್ರೈವರ್ ಮಾತ್ರ ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದು ಕೂತ, ಎರಡನೆಯ ಸಾಲಿನಲ್ಲಿ ತಡವರಿಸಿದ ಹುಡುಗನನ್ನು ಕೇಳಿದ್ದೇ, "ಅಯ್ಯೋ, ನಾನೇ ಕಣಕ್ಕ!" ಎಂದು ಎದ್ದು ನಿಂತ. ಅವತ್ತೊಂದು ದಿನ ಟೇಪಕ್ಕ ಹೊಟ್ಟೆ ತುಂಬ ಉಂಡಳು.

ಪ್ರತಿ ವರ್ಷಕ್ಕೂ ಪರೀಕ್ಷೆಯ ಹಾಡು ಬೇರೆ. ತಂಗಿಯ ವರ್ಷದ್ದು ಯಾವುದೆಂದು ಅವಳಿಗೆ ಗೊತ್ತು. ಅದನ್ನು ಹಾಡಿದ ಹುಡುಗಿಯರಲ್ಲಿ ಹೆಚ್ಚಿನವರು ಬಂದು, ಅಥವಾ ಫೋನಿನಲ್ಲೇ ಕೇಳಿ, ತಮ್ಮ ತಮ್ಮ ದನಿಯನ್ನು ಗುರುತಿಸಿದರು. ಈಗ ಉಳಿದಿರುವುದು ಎರಡೇ ದನಿ: ಒಂದು ತಂಗಿಯದು, ಇನ್ನೊಂದು ಅವಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯದು. ಒಬ್ಬರೇ ಗುರುಗಳು, ಒಂದೇ ವಯಸ್ಸು, ಒಂದೇ ಉಸಿರು. ಗೆಳತಿಯ ಮನೆಯವರು ಊರು ಬಿಟ್ಟು ಎಷ್ಟೋ ಕಾಲವಾಯಿತು, ವಿಳಾಸ ಯಾರಿಗೂ ತಿಳಿಯದು.

ಎರಡನ್ನೂ ಮನೆಗೆ ಒಯ್ದು ಅಮ್ಮನಿಗೆ ಕೇಳಿಸಿದ್ದಾಳೆ. ಮೊದಲನೆಯದಕ್ಕೆ ಅಮ್ಮ, "ಇವಳೇ ನನ್ನ ಮಗಳು," ಎಂದು ಅತ್ತಳು. ಎರಡನೆಯದಕ್ಕೂ, "ಇವಳೇ," ಎಂದು ಅಷ್ಟೇ ಅತ್ತಳು. ಈಗ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಾಳೆ: "ಸಿಕ್ಕಿದ್ಳಾ?" ಸಂತೆಯಲ್ಲಿ ಕೈತಪ್ಪಿದ ಮಗುವನ್ನು ಕೇಳಿದ ಹಾಗೆ. ಟೇಪಕ್ಕನಿಗೆ ಆ ಬಾಗಿಲು ದಾಟುವುದೇ ಬೇಡವೆನಿಸುತ್ತದೆ.

ಎಡಗಿವಿಯದೂ ಅದೇ ದಾರಿ ಎಂದು ವೈದ್ಯರು ಹೇಳಿದ್ದಾರೆ. ಮೊದಲು ಹೋಗುವುದು ಎತ್ತರದ ಸ್ವರ, ಅಂದರೆ ಹುಡುಗಿಯರ ದನಿ. ಈಗಾಗಲೇ ಹಾಡಿನ ಮೇಲಿನ ಸಾಲು ಅವಳಿಗೆ ಬರೀ ಗಾಳಿಯಂತೆ ಕೇಳುತ್ತಿದೆ.

ಎರಡಕ್ಕೂ ತಂಗಿಯ ಹೆಸರನ್ನೇ ಬರೆದುಬಿಡಬಹುದಲ್ಲ ಎಂದರೆ ತಲೆಯಾಡಿಸುತ್ತಾಳೆ. "ಅದು ಇನ್ನೊಬ್ಬರ ಮಗಳನ್ನ ಕದ್ದ ಹಾಗೆ."

ಹೊರಗೆ ಮಕ್ಕಳ ಚಪ್ಪಲಿ ಸದ್ದು. ಅವಳು ಹೆಡ್‌ಫೋನು ತೆಗೆದು ತಂತಿ ಸುತ್ತಿಡುತ್ತಾಳೆ. ಹಾಗಾದರೆ ನಿಮಗೇನು ಬೇಕು ಎಂದು ಕೇಳಿದರೆ ಕಂಪ್ಯೂಟರು ಆರಿಸಿ ಎದ್ದು ನಿಲ್ಲುತ್ತಾಳೆ.

"ಆ ಇನ್ನೊಬ್ಬಳು ಬರ್ಲಿ. ಇಲ್ಲಾ ಅವಳ ಮನೆಯವರು ಯಾರಾದ್ರೂ ಬರ್ಲಿ. ಎರಡೂ ಕೇಳಿ, ಇದು ನಮ್ಮದು ಅಂತ ಒಂದನ್ನ ತಗೊಂಡು ಹೋಗ್ಲಿ. ತಪ್ಪಾಗಿ ಆರಿಸಿದ್ರೂ ನಾನು ಬಾಯಿ ಬಿಡಲ್ಲ. ಉಳಿದವಳನ್ನ ಅಮ್ಮನ ಹತ್ರ ಕರ್ಕೊಂಡು ಹೋಗ್ತೀನಿ."