ದೇವನಹಳ್ಳಿಗೆ ಹೋದ ಗಾಜಿನ ತೊಟ್ಟಿ

ನನ್ನ ಮೊಮ್ಮಗಳು ಭೂಮಿಕಾಗೆ ವಿಜ್ಞಾನದ ವಸ್ತುಪ್ರದರ್ಶನದಲ್ಲಿ ಫಸ್ಟ್ ಪ್ರೈಜ್ ಬಂತು! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅದನ್ನು ಕಣ್ಣಾರೆ ಕಂಡು ಬಂದಿದ್ದೇನೆ. ಬರೆಯದೆ ಹೇಗಿರಲಿ?

ಬೆಳಿಗ್ಗೆ ಚಳಿಯಿತ್ತು. ಜಡಿಗೇನಹಳ್ಳಿಯಿಂದ ಹೊಸಕೋಟೆ, ಅಲ್ಲಿಂದ ದೇವನಹಳ್ಳಿ, ಎರಡು ಬಸ್ಸು. ಹೆಂಗಸರಾದ್ದರಿಂದ ಟಿಕೆಟ್ಟಿಗೆ ಕಾಸಿಲ್ಲ. ಗಾಜಿನ ತೊಟ್ಟಿಯನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಏನಜ್ಜಿ, ತೊಟ್ಟಿ ಬಸ್ಸಲ್ಲಿ, ಮೀನು ನಡ್ಕೊಂಡ್ ಬರ್ತವಾ?" ಅಂದ. ಸುತ್ತಲಿನವರೆಲ್ಲ ನಕ್ಕರು. ಭೂಮಿಕಾ ನಗಲಿಲ್ಲ. ತನ್ನ ಮಾದರಿ ಕೆಡದೆ ಉಳಿದರೆ ಸಾಕೆಂಬುದೊಂದೇ ಅವಳ ಚಿಂತೆ.

ಪ್ರದರ್ಶನದಲ್ಲಿ ಅವಳು ತೊಟ್ಟಿಯ ತಳಕ್ಕೆ ಕೆಂಪು ಬಣ್ಣದ ಉಪ್ಪುನೀರು ತುಂಬಿದಳು. ಅದರ ಮೇಲೆ ತೇಲಿಬಿಟ್ಟ ಮರದ ಚೂರಿನ ಮೇಲೆ ಸಿಹಿನೀರನ್ನು ತೊಟ್ಟುತೊಟ್ಟಾಗಿ ಬಿಟ್ಟಳು. ಕೆಂಪು ಕೆಳಗೆ, ತಿಳಿ ಮೇಲೆ, ಗೆರೆ ಎಳೆದ ಹಾಗೆ ನಿಂತಿತು. ಎರಡು ನೀರು ಹೀಗೆ ಕಲೆಯದೆ ನಿಲ್ಲುವುದೇ ಅವಳ ಮಾದರಿ. ಕಲೆತರೆ ಮತ್ತೆ ಮಾಡಲು ಹೊತ್ತಿರಲಿಲ್ಲ.

ತುಂಬಿದ ನೀರು ನನಗೆ ಕಳಶದಂತೆ ಕಂಡಿತು. ಕಳಶಕ್ಕೆ ಕಾಸು ಹಾಕದೆ ಒಳ್ಳೆಯ ಕೆಲಸ ಶುರು ಮಾಡಿದವಳಲ್ಲ ನಾನು. ಅವಳು ಅತ್ತ ತಿರುಗಿದಾಗ ಸೆರಗಿನ ಗಂಟು ಬಿಚ್ಚಿ ನಾಣ್ಯ ಬಿಟ್ಟೆ. ಮೂಲೆಗೆ ಹೋಯಿತು. ನಡುವೆ ಇಡೋಣವೆಂದು ಮೊಣಕೈವರೆಗೂ ಕೈ ಇಳಿಸಿದೆ.

"ಅಜ್ಜಿ, ಕೈ ತೆಗಿ!"

ಬೆಚ್ಚಿ ಸರಕ್ಕನೆ ಎಳೆದುಕೊಂಡೆ. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಬಹುಮಾನ ತೀರ್ಮಾನಿಸುವ ಮೇಷ್ಟ್ರು ಬಂದೇಬಿಟ್ಟರು.

ಮೇಲಿನ ನೀರು ಆಗಲೇ ಸುಮ್ಮನಾಗಿತ್ತು. ಒಳಗಿನ ಕೆಂಪು ಗೆರೆ ಮಾತ್ರ ಈ ಕಡೆ ಏರಿ ಆ ಕಡೆ ಇಳಿದು, ತೊಟ್ಟಿಲಿನ ಹಾಗೆ ನಿಧಾನವಾಗಿ ತೂಗುತ್ತಿತ್ತು. ಇದು ಯಾಕಮ್ಮ ಎಂದು ಅವರು ಕೇಳಿದರು. ಭೂಮಿಕಾ ಕಣ್ಣೊರೆಸಿಕೊಂಡಳು.

"ಉಪ್ಪುನೀರು ಭಾರ ಸರ್. ತಟ್ಟಂತ ಕದಡಿದ್ರೆ ಮೇಲೆದ್ದಿದ್ದು ಕೆಳಗೆ ಬೀಳುತ್ತೆ. ಬಿದ್ದ ರಭಸಕ್ಕೆ ಇನ್ನೂ ಇಳಿದು ಮತ್ತೆ ಏಳುತ್ತೆ. ಎರಡರ ತೂಕಕ್ಕೂ ಸ್ವಲ್ಪವೇ ವ್ಯತ್ಯಾಸ, ಅದಕ್ಕೇ ನಿಧಾನ."

ಕದಡಿದ್ದು ಯಾರೆಂದರು. "ನಮ್ಮಜ್ಜಿ ಸರ್" ಅಂದಳು. ಅವರು ನನ್ನ ಒದ್ದೆ ಕೈ ನೋಡಿ ನಕ್ಕರು. ಕೆರೆಯಲ್ಲೂ ಹೀಗಾಗುತ್ತದಾ ಎಂದು ನಾನೂ ಅವರನ್ನು ಕೇಳಿದೆ. ಬಿಸಿನೀರು ಮೇಲೆ, ತಣ್ಣೀರು ಕೆಳಗೆ ನಿಂತ ಆಳದ ಕೆರೆಯಲ್ಲಿ ಆಗುತ್ತದಂತೆ. ಸಮುದ್ರದಲ್ಲಂತೂ ಮನೆಗಿಂತ ಎತ್ತರದ ಅಲೆ ಒಳಗೊಳಗೇ ಹೋಗುತ್ತದಂತೆ, ಮೇಲೆ ಹಡಗಿನಲ್ಲಿದ್ದವರಿಗೂ ತಿಳಿಯುವುದಿಲ್ಲವಂತೆ. ಬಹುಮಾನ ಹಿಡಿದು ವಾಪಸು ಬರುವಾಗ ದಾರಿಯಲ್ಲಿ ಸಿಕ್ಕ ಕೆರೆಯನ್ನೆಲ್ಲ ಕಿಟಕಿಯಿಂದ ಕತ್ತು ಚಾಚಿ ನೋಡಿದೆ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತೆವು. ಸೊಸೆ ಮುದ್ದೆಗೆ ಹಿತಕಿದ ಬೇಳೆ ಸಾರು ಮಾಡಿದ್ದಳು. ಕಥೆ ಕೇಳಿದ ಮಗ ನೀರಿನ ಚೊಂಬನ್ನು ನನ್ನಿಂದ ದೂರ ಸರಿಸಿ, "ಅಮ್ಮ, ಇದಕ್ಕೆ ಕೈ ಹಾಕ್ಬೇಡ" ಅಂದ.

"ಹಾಕ್ಲಿ ಬಿಡಪ್ಪ" ಎಂದು ಭೂಮಿಕಾ ಚೊಂಬನ್ನು ನನ್ನ ಮುಂದಕ್ಕೇ ತಳ್ಳಿದಳು. ನಗುತ್ತಲೇ ಎಲ್ಲರೂ ಮುದ್ದೆ ಮುರಿದೆವು.