ಮಹಾರಾಜರು ಬೆಸುಗೆ ಹಾಕಿದ ಮೈಕು

ಕೇಳಿರಿ ಮಿತ್ರರೇ! ಇಂದು ಸಂಜೆ ಹಿಮಾಯತ್‌ನಗರದಲ್ಲಿ ನಮ್ಮ ಕನ್ನಡ ನಾಟಕ, ನಾನೇ ಮಹಾರಾಜ. ಪರದೆ ಏಳಲು ಅರ್ಧ ಗಂಟೆಯಿರುವಾಗ ಸ್ಪೀಕರಿನ ದಪ್ಪ ತಂತಿ ಕಿತ್ತು ಬಂತು! ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ತುದಿಗೆ ಸೂಜಿಯಂಥ ಮೊನೆ, ಅಂದರೆ ಬಿಟ್, ಸಿಕ್ಕಿಸಿ ಕುಳಿತೆ. ವೀರನ ಆಯುಧ ಚೂಪಾಗಿರಬೇಡವೇ? ಆದರೆ ಸೀಸ ಕರಗಲೊಲ್ಲದು.

ಟಿವಿ ರಿಪೇರಿ ಮಾಡುವ, ನಾಟಕದ ಸೌಂಡನ್ನೂ ನೋಡಿಕೊಳ್ಳುವ ನಮ್ಮ ಗಿರಿಜಕ್ಕ ನಕ್ಕರು. "ಸೂಜೀಲೆ ರೊಟ್ಟಿ ತಿರುವ್ತೀರೇನ್ರಿ ಮಹಾರಾಜ್ರ? ದಪ್ಪ ತಂತಿಗೆ ಕಾವು ಭಾಳ ಬೇಕು, ಅಗಲ ಬಿಟ್ ಹಾಕ್ರಿ."

ಹಾಕಿದೆ. ಕ್ಷಣದಲ್ಲಿ ಬೆಸೆಯಿತು!

ನನ್ನ ಕಾಲರ್ ಮೈಕಿನ ಕೂದಲೆಳೆಯಂಥ ತಂತಿಯೂ ಸಡಿಲವಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಅದಕ್ಕೂ ಅದೇ ಅಗಲ ಬಿಟ್ ಒತ್ತಿದೆ.

"ಅಯ್ಯಯ್ಯ, ಅದಕ್ಕ ಸೂಜಿ ಬಿಟ್ ಬೇಕ್ರಿ!" ಎಂದು ಅಕ್ಕ ಕೂಗುವಷ್ಟರಲ್ಲಿ ಪಕ್ಕದ ತಂತಿಯೂ ಅಂಟಿ ಎರಡೂ ಒಂದಾಗಿ, ಪ್ಲಾಸ್ಟಿಕ್ಕೂ ಕರಗಿ, ಮೈಕು ಸತ್ತಿತು.

ಇನ್ನೇನು ಮಾಡಲಿ? ಮೈಕಿಲ್ಲದೆಯೇ ರಂಗಕ್ಕೆ ನುಗ್ಗಿ "ಯಾರಲ್ಲಿ!" ಎಂದು ಗರ್ಜಿಸಿದೆ.

ಕೊನೆಯ ಸಾಲಿನ ಅಜ್ಜರೊಬ್ಬರು ಕಿವಿ ಮುಚ್ಚಿಕೊಂಡು ಕೂಗಿದರು: "ಗಿರಿಜವ್ವಾ, ಅವರ ಮೈಕಿನ ಸೌಂಡ್ ಜರಾ ಕಮ್ಮಿ ಮಾಡವಾ!"

ಸ್ಪೀಕರಿನ ಪಕ್ಕದಿಂದ ಗಿರಿಜಕ್ಕನ ಉತ್ತರ ಇಡೀ ಸಭೆಗೆ ಕೇಳಿಸಿತು: "ಇವರಿಗೆ ಬಟನ್ ಇಟ್ಟಿಲ್ರಿ, ಅಜ್ಜಾರ!"